ನಿಮಗಿದು ಗೊತ್ತೇ? ತಿಕೋಟಾದಿಂದ ದುಬೈಗೆ, ನೆಟ್ ಸಮೇತ

ವಿಜಯಪುರ, ತಿಕೋಟಾ, ಬಬಲೇಶ್ವರ ಕಡೆಯ ಮನೆಗಳಲ್ಲಿ ಈಗ ಪಾಸ್‌ಪೋರ್ಟ್ ಅಪರೂಪದ ವಸ್ತುವಲ್ಲ. ಮಗ ದುಬೈನಲ್ಲಿ ಕೆಲಸಕ್ಕಿದ್ದಾನೆ, ಮಗಳ ಬಾಣಂತನ ಅಮೆರಿಕದಲ್ಲಿ, ಅಜ್ಜ-ಅಜ್ಜಿ ಉಮ್ರಾಕ್ಕೆ ಹೊರಟಿದ್ದಾರೆ, ಓಣಿಯ ಹತ್ತು ಮಂದಿ ಪಶುಪತಿನಾಥನ ದರ್ಶನಕ್ಕೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳುವುದನ್ನು ಯಾರೂ ಮರೆಯುವುದಿಲ್ಲ. ಮೊಬೈಲಿನ ನೆನಪಾಗುವುದು ಮಾತ್ರ ವಿಮಾನ ಇಳಿದ ಮೇಲೆ, "ನೆಟ್ ಹತ್ತವಲ್ದು" ಎಂದಾಗ. ಹೊರಡುವ ಮುನ್ನ ಓದಿಕೊಳ್ಳಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

● ಜಗತ್ತಿನ ಮೊದಲ ಸಿಮ್ ಕಾರ್ಡ್‌ಗಳನ್ನು 1991ರಲ್ಲಿ ತಯಾರಿಸಿದ್ದು ಜರ್ಮನಿಯ ಗೀಸೆಕೆ ಅಂಡ್ ಡೆವ್ರಿಯೆಂಟ್ ಕಂಪನಿ. ಕೊಂಡದ್ದು ಫಿನ್ಲೆಂಡಿನ ರೇಡಿಯೊಲಿಂಜಾ. ಆಗ ಸಿಮ್ ಎಂದರೆ ಎಟಿಎಂ ಕಾರ್ಡಿನಷ್ಟು ದೊಡ್ಡದು. ಇಂದಿನ ನ್ಯಾನೊ ಸಿಮ್ 12.3 ಮಿ.ಮೀ. ಉದ್ದ, 8.8 ಮಿ.ಮೀ. ಅಗಲ. ಇ-ಸಿಮ್‌ಗಂತೂ ಕಾರ್ಡೇ ಇಲ್ಲ, ಫೋನಿನೊಳಗಿನ ಚಿಪ್ಪಿಗೆ ನಂಬರ್ ಡೌನ್‌ಲೋಡ್ ಆಗುತ್ತದೆ.

● ನಿಮ್ಮ ಫೋನಿಗೆ ಇ-ಸಿಮ್ ಹಿಡಿಯುತ್ತದೆಯೇ? *#06# ಒತ್ತಿ ನೋಡಿ. ಐಎಂಇಐ ನಂಬರಿನ ಜೊತೆಗೆ 'ಇಐಡಿ' ಎಂಬ ಉದ್ದನೆಯ ನಂಬರ್ ಬಂದರೆ ಹಿಡಿಯುತ್ತದೆ.

● ಮಗಳು ಅಮೆರಿಕದಿಂದ ತಂದುಕೊಟ್ಟ ಐಫೋನ್ 14ಕ್ಕೆ ಸಿಮ್ ಹಾಕುವ ಟ್ರೇಯೇ ಇರುವುದಿಲ್ಲ. 2022ರಲ್ಲಿ ಬಂದ ಈ ಮಾದರಿಯಿಂದ ಮುಂದೆ ಅಲ್ಲಿ ಮಾರುವ ಐಫೋನ್‌ಗಳಿಗೆ ಇ-ಸಿಮ್ ಒಂದೇ ಗತಿ. ಕಂತಿನ ಮೇಲೆ ಕೊಂಡ ಫೋನಾದರೆ ಅಲ್ಲಿನ ಕಂಪನಿ 'ಲಾಕ್' ಕೂಡ ಹಾಕಿರಬಹುದು. ಲಾಕ್ ತೆಗೆಸುವವರೆಗೆ ಅದರಲ್ಲಿ ಬೇರೆ ಯಾವ ಕಂಪನಿಯ ಸಿಮ್ಮೂ ನಡೆಯದು.

● ನಾಳೆ ವಿಮಾನ, ಇಂದು ಊರಿನ ಸಿಮ್ ಅನ್ನು ಇ-ಸಿಮ್‌ಗೆ ಬದಲಿಸುತ್ತೇನೆ ಎಂದರೆ ಕೆಟ್ಟಿರಿ! ಸಿಮ್ ಬದಲಿಸಿದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ವಂಚಕರು ಬೇರೆಯವರ ನಂಬರ್ ಕದ್ದು ಬ್ಯಾಂಕ್ ಖಾತೆ ಬರಿದು ಮಾಡದಿರಲಿ ಎಂದು ದೂರಸಂಪರ್ಕ ಇಲಾಖೆ ಮಾಡಿರುವ ನಿಯಮವಿದು. ಬ್ಯಾಂಕಿನ ಒಟಿಪಿಯೂ ಅಷ್ಟು ಹೊತ್ತು ಬಾರದು.

● ಪ್ರವಾಸದ ಇ-ಸಿಮ್‌ಗೆ ಕ್ಯೂಆರ್ ಕೋಡ್ ಕಳಿಸುತ್ತಾರೆ. ಅದು ನಿಮ್ಮದೇ ಫೋನಿನ ಪರದೆ ಮೇಲಿದ್ದರೆ ಅದೇ ಫೋನಿನ ಕ್ಯಾಮೆರಾ ಅದನ್ನು ಸ್ಕ್ಯಾನ್ ಮಾಡಲು ಆಗದು. ಒಂದು ಪ್ರಿಂಟ್ ತೆಗೆಸಿಕೊಳ್ಳಿ, ಇಲ್ಲವೇ ಮನೆಯ ಇನ್ನೊಬ್ಬರ ಫೋನಿಗೆ ಕಳಿಸಿ. ಡೌನ್‌ಲೋಡಿಗೆ ನೆಟ್ ಬೇಕು, ಹಾಗಾಗಿ ಈ ಕೆಲಸ ಮನೆಯಲ್ಲೇ ಮುಗಿಯಲಿ.

● ಅಜ್ಜನ ಹಳೆಯ ಕೀಪ್ಯಾಡ್ ಫೋನು ಸಿಂಗಪುರದಲ್ಲಿ ಸತ್ತಂತೆ. ಅಲ್ಲಿ 2ಜಿ ಸೇವೆ 2017ರಲ್ಲೇ ನಿಂತಿದೆ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ, ಆಸ್ಟ್ರೇಲಿಯಾದ ಕಂಪನಿಗಳು 2024ರಲ್ಲಿ 3ಜಿಯನ್ನೂ ಮುಚ್ಚಿದವು. 4ಜಿ ಮೇಲೆ ಮಾತನಾಡಬಲ್ಲ ಫೋನಿದ್ದರೆ ಮಾತ್ರ ಕೊಂಡೊಯ್ಯಿರಿ.

● ರೋಮಿಂಗ್‌ಗೆ ಎರಡು ಬೀಗ. ಒಂದು ಕಂಪನಿಯ ಕಡೆಯದು: ಅಂತಾರಾಷ್ಟ್ರೀಯ ರೋಮಿಂಗ್ ಸೇವೆ ಶುರು ಮಾಡಿಸಿ, ಪ್ಯಾಕ್ ಹಾಕಿಸಬೇಕು. ಇನ್ನೊಂದು ಫೋನಿನೊಳಗಿನ 'ಡೇಟಾ ರೋಮಿಂಗ್' ಗುಂಡಿ. ಕರೆನ್ಸಿ ಹಾಕಿಸಿಯೂ ನೆಟ್ ಬಾರದಿದ್ದರೆ ಮೊದಲು ಈ ಗುಂಡಿ ನೋಡಿ.

● ಪ್ಯಾಕ್ ಇಲ್ಲದೆ ರೋಮಿಂಗ್‌ನಲ್ಲಿದ್ದರೆ ಬರುವ ಕರೆಗೂ ದುಡ್ಡು. ಒಣದ್ರಾಕ್ಷಿ ದರ ಕೇಳಲು ತಿಕೋಟಾದಿಂದ ಫೋನ್ ಮಾಡಿದವರಿಗೆ ಅದು ಮಾಮೂಲಿ ಕರೆ, ದುಬೈನಲ್ಲಿ ಎತ್ತಿದ ನಿಮಗೆ ರೋಮಿಂಗ್ ದರ! ಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ಶುಲ್ಕವಿಲ್ಲ. ಒಟಿಪಿಗಾಗಿ ಊರಿನ ಸಿಮ್ ಜೀವಂತ ಇಟ್ಟುಕೊಳ್ಳಲು ಇದೇ ಆಸರೆ.

● ಊರಿನ ಸಿಮ್‌ನಲ್ಲೇ ರೋಮಿಂಗ್ ಹಾಕಿಸಿಕೊಂಡವರ ನೆಟ್ ಸಾಮಾನ್ಯವಾಗಿ ಭಾರತಕ್ಕೆ ಬಂದೇ ಹೊರಗೆ ಹೋಗುತ್ತದೆ. ನೀವು ಕುಳಿತದ್ದು ಶಾಂಘೈನಲ್ಲಾದರೂ ಜಾಲತಾಣಗಳಿಗೆ ಭಾರತದಲ್ಲಿದ್ದಂತೆ ಕಾಣುತ್ತೀರಿ. ಚೀನಾದ ಸ್ಥಳೀಯ ಸಿಮ್ ಹಾಕಿದವರಿಗೆ ಗೂಗಲ್, ವಾಟ್ಸಾಪ್ ತೆರೆಯುವುದಿಲ್ಲ, ರೋಮಿಂಗ್‌ನಲ್ಲಿದ್ದವರಿಗೆ ತೆರೆಯುವುದು ಇದೇ ಕಾರಣಕ್ಕೆ. ದೂರದ ಸುತ್ತಾದ್ದರಿಂದ ವೇಗ ಸ್ವಲ್ಪ ಕಡಿಮೆ.

● ಯುಎಇಯ ಸ್ಥಳೀಯ ಸಿಮ್‌ನಲ್ಲಿ ವಾಟ್ಸಾಪ್ ಸಂದೇಶ, ಫೋಟೊ ಸಲೀಸಾಗಿ ಹೋಗುತ್ತವೆ, ಕರೆ ಮಾತ್ರ ಹೋಗದು. ಅಲ್ಲಿ ಇಂಟರ್ನೆಟ್ ಕರೆಗೆ ಸರ್ಕಾರ ಒಪ್ಪಿದ ಬೋಟಿಮ್‌ನಂಥ ಆ್ಯಪ್‌ಗಳೇ ಬೇಕು. ಮಗನೂರಿಗೆ ಹೋಗುವವರು ಬಬಲೇಶ್ವರದಲ್ಲಿ ಉಳಿಯುವವರ ಫೋನಿಗೂ ಅದನ್ನು ಹಾಕಿಕೊಟ್ಟು ಹೊರಡುವುದು ಒಳ್ಳೆಯದು.

● ದುಬೈನಿಂದ ಕಳಿಸಿದ ಮೊಮ್ಮಗನ ಫೋಟೊ ಬರುವುದು ಆಕಾಶದಿಂದಲ್ಲ, ಸಮುದ್ರದ ತಳದಿಂದ. ಖಂಡಗಳ ನಡುವಿನ ಇಂಟರ್ನೆಟ್ಟಿನ ಶೇ 95ಕ್ಕೂ ಹೆಚ್ಚು ಪಾಲು ಹರಿಯುವುದು ಸಮುದ್ರದಡಿಯ ಕೇಬಲ್‌ಗಳಲ್ಲಿ. ಭಾರತದಲ್ಲಿ ಅವು ಮುಂಬೈ, ಚೆನ್ನೈ, ಕೊಚ್ಚಿಯಂಥ ಕಡೆ ದಡ ಸೇರುತ್ತವೆ. 2024ರ ಫೆಬ್ರುವರಿಯಲ್ಲಿ ಕೆಂಪು ಸಮುದ್ರದ ಕೇಬಲ್‌ಗಳು ತುಂಡಾದಾಗ ಏಷ್ಯಾ-ಯುರೋಪ್ ನಡುವಿನ ನೆಟ್ಟಿಗೆ ಪೆಟ್ಟು ಬಿದ್ದಿತ್ತು.

● ಸೌದಿಯ ಅಂಗಡಿಯಲ್ಲಿ ಸಿಮ್ ಕೊಳ್ಳಲು ಪಾಸ್‌ಪೋರ್ಟ್ ಸಾಲದು, 2016ರಿಂದ ಬೆರಳಚ್ಚೂ ಬೇಕು. ಕುರ್ಪಿ ಹಿಡಿದು ಬೆರಳಿನ ಗೆರೆ ಸವೆದ ಹಿರಿಯರಿಗೆ ಇದು ತ್ರಾಸಿನ ಕೆಲಸ. ಜೊತೆಗಿರುವ ಹರೆಯದವರು ಸಿಮ್ ಕೊಂಡರೆ ಸಲೀಸು. ಮದೀನಾದ ಪವಿತ್ರ ಸ್ಥಳ ರಿಯಾಜುಲ್ ಜನ್ನಾಕ್ಕೆ ಹೋಗಲು 'ನುಸುಕ್' ಆ್ಯಪ್‌ನಲ್ಲಿ ಸಮಯ ಕಾಯ್ದಿರಿಸಬೇಕು. ಅಂದರೆ ಉಮ್ರಾ ಯಾತ್ರಿಕರಿಗೂ ನೆಟ್ ಬೇಕೇ ಬೇಕು.

● ನೇಪಾಳಕ್ಕೆ ನಮಗೆ ವೀಸಾ ಬೇಡ, ಆದರೆ ಗಡಿ ದಾಟಿದೊಡನೆ ಊರಿನ ಸಿಮ್‌ಗೆ ಅದು ಪರದೇಶವೇ. ಇನ್ನೂ ಸೋಜಿಗ ಬೇಕೆ? ಜಮ್ಮು-ಕಾಶ್ಮೀರ ನಮ್ಮದೇ ದೇಶ, ಆದರೂ ಕರ್ನಾಟಕದ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯದು. ವೈಷ್ಣೋದೇವಿ, ಅಮರನಾಥಕ್ಕೆ ಹೊರಟವರಲ್ಲಿ ಒಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ.

● ಐರೋಪ್ಯ ಒಕ್ಕೂಟದ ಒಂದು ದೇಶದ ಸಿಮ್ ಕೊಂಡರೆ ಉಳಿದ ದೇಶಗಳಲ್ಲೂ ಅದೇ ದರ. 2017ರ ಜೂನ್ 15ರಿಂದ ಬಂದ ನಿಯಮವಿದು. ಆದರೆ ಟೂರಿನವರು ತಪ್ಪದೆ ತೋರಿಸುವ ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿಲ್ಲ! ಪ್ಯಾಕ್‌ನ ದೇಶಗಳ ಪಟ್ಟಿಯಲ್ಲಿ ಅದರ ಹೆಸರು ಹುಡುಕಿ ನೋಡಿ.

● ವಿಮಾನದಲ್ಲಿ, ಕ್ರೂಸ್ ಹಡಗಿನಲ್ಲಿ ಉಪಗ್ರಹಕ್ಕೆ ಜೋಡಿಸಿದ ಪುಟ್ಟ ಟವರ್ ಇರುವುದುಂಟು. ಫೋನ್ ಅದನ್ನು ಹಿಡಿದುಕೊಂಡರೆ ದರ ಭಾರೀ, ಮಾಮೂಲಿ ಪ್ಯಾಕ್ ಅಲ್ಲಿ ನಡೆಯದು. ಹತ್ತಿದೊಡನೆ ಏರೋಪ್ಲೇನ್ ಮೋಡ್ ಒತ್ತಿಬಿಡಿ.

● ದಾರಿ ತೋರಿಸುವ ಜಿಪಿಎಸ್‌ಗೆ ನೆಟ್ ಬೇಡ. ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳಿಂದ ಅದು ನೇರವಾಗಿ ಸಂಕೇತ ಪಡೆಯುತ್ತದೆ. ಡೇಟಾ ಬೇಕಾಗುವುದು ನಕಾಶೆಗೆ. ಹೋಗುವ ಊರಿನ ಗೂಗಲ್ ನಕಾಶೆಯನ್ನು ಮನೆಯ ವೈಫೈನಲ್ಲೇ ಇಳಿಸಿಕೊಳ್ಳಿ. ಗೂಗಲ್ ಟ್ರಾನ್ಸ್‌ಲೇಟ್‌ನ ಕನ್ನಡ, ಅರಬ್ಬಿ ಕಡತಗಳನ್ನೂ ಹಾಗೆಯೇ ಇಳಿಸಿಟ್ಟರೆ ನೆಟ್ ಇಲ್ಲದೆಯೂ ಕೆಲಸ ನಡೆಯುತ್ತದೆ.

● ಐದು ಜನರ ಕುಟುಂಬಕ್ಕೆ ಐದು ಪ್ಯಾಕ್ ಬೇಕಿಲ್ಲ. ಒಬ್ಬರು ಸ್ಥಳೀಯ ಡೇಟಾ ಸಿಮ್ ಕೊಂಡು ಹಾಟ್‌ಸ್ಪಾಟ್ ಹಾಕಿದರೆ ಎಲ್ಲರಿಗೂ ನೆಟ್. ಇದರಲ್ಲೊಂದು ಗುಟ್ಟಿದೆ. ಹಾಟ್‌ಸ್ಪಾಟ್ ಹಿಡಿದ ಫೋನುಗಳು ಅದನ್ನು ವೈಫೈ ಎಂದೇ ತಿಳಿಯುತ್ತವೆ. ಅವ್ವನ ವಾಟ್ಸಾಪ್ ಬೀಗರ ಗುಂಪಿನ ಶುಭೋದಯದ ವಿಡಿಯೊಗಳನ್ನೆಲ್ಲ ಇಳಿಸಿಕೊಳ್ಳತೊಡಗುತ್ತದೆ, ತಮ್ಮನ ಫೋನು ಗೋಲಗುಂಬಜ್‌ನಲ್ಲಿ ತೆಗೆದ ಹಳೆಯ ಫೋಟೊಗಳನ್ನೂ ಬ್ಯಾಕಪ್ ಮಾಡಲು ಕೂರುತ್ತದೆ, ಆ್ಯಪ್‌ಗಳು ತಾವಾಗಿಯೇ ಅಪ್‌ಡೇಟ್ ಆಗುತ್ತವೆ. ಮಧ್ಯಾಹ್ನದೊಳಗೆ "ನೆಟ್ ಖಾಲಿ ಆಗ್ಯಾದ" ಎಂಬ ಕೂಗು! ಇದಕ್ಕೆ ಮದ್ದು ವಾಟ್ಸಾಪ್‌ನ 'ಸ್ಟೋರೇಜ್ ಅಂಡ್ ಡೇಟಾ' ಪುಟದಲ್ಲಿದೆ. ಅಲ್ಲಿ ಮೊಬೈಲ್ ಡೇಟಾ, ವೈಫೈ, ರೋಮಿಂಗ್ ಎಂಬ ಮೂರು ಸಾಲುಗಳಿವೆ. ವೈಫೈ ಸಾಲಿನಲ್ಲೂ ಫೋಟೊ, ವಿಡಿಯೊಗಳ ಗುರುತು ತೆಗೆದುಬಿಡಿ. ಹಾಟ್‌ಸ್ಪಾಟ್ ಹಾಕಿದ ಫೋನಿನ ಬ್ಯಾಟರಿ ಬೇಗ ಮುಗಿಯುವುದರಿಂದ ಪವರ್ ಬ್ಯಾಂಕ್ ಜೊತೆಗಿರಲಿ. ಕೆಲವು 'ಅನ್‌ಲಿಮಿಟೆಡ್' ಪ್ಯಾಕ್‌ಗಳು ಹಾಟ್‌ಸ್ಪಾಟ್‌ಗೆ ಬಿಡುವುದಿಲ್ಲ, ಕೊಳ್ಳುವ ಮುನ್ನವೇ ಕೇಳಿ.

● ಹೊಸ ಸಿಮ್ ಹಾಕಿದರೆ ವಾಟ್ಸಾಪ್ ನಂಬರ್ ಬದಲಿಸಬೇಕಿಲ್ಲ. ಊರಿನ ಸಿಮ್ ಒಂದು ಸ್ಲಾಟಿನಲ್ಲಿರಲಿ, ಡೇಟಾ ಇನ್ನೊಂದರದ್ದಾಗಲಿ. ನಂಬರ್ ಬದಲಿಸುವುದೇ ಎಂದು ಕೇಳಿದರೆ ಬೇಡ ಎನ್ನಿ.

● ಭೂತಾನ್, ನೇಪಾಳ, ಶ್ರೀಲಂಕಾ, ಮಾರಿಷಸ್, ಯುಎಇಯ ಹಲವು ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತದೆ. ಪ್ಯಾರಿಸ್ಸಿನ ಐಫೆಲ್ ಗೋಪುರದ ಟಿಕೆಟ್‌ಗೂ 2024ರಿಂದ ಯುಪಿಐ ಇದೆ. ಆದರೆ ಆ್ಯಪ್‌ನಲ್ಲಿ ಅಂತಾರಾಷ್ಟ್ರೀಯ ಯುಪಿಐ ಅನ್ನು ಮೊದಲೇ ಶುರು ಮಾಡಿಕೊಳ್ಳಬೇಕು. ಊರಿನ ಸಿಮ್ ಕಿತ್ತಿಟ್ಟರೆ ಕೆಲವು ಆ್ಯಪ್‌ಗಳು ಮತ್ತೆ ನೋಂದಣಿ ಕೇಳುತ್ತವೆ.

● ಫೋನಿನಲ್ಲಿರುವ ನಂಬರುಗಳನ್ನೆಲ್ಲ +91 ಹಾಕಿ ಬರೆದುಕೊಳ್ಳಿ. ವಿಜಯಪುರದ ಸ್ಥಿರ ದೂರವಾಣಿಗೆ ಇಲ್ಲಿ 08352, ಹೊರದೇಶದಿಂದ +91 8352. ಸೊನ್ನೆ ಬಿಡಬೇಕು.

● ಮೂರು ತಿಂಗಳು ಅಮೆರಿಕದಲ್ಲಿ ಉಳಿಯುವ ಅವ್ವನ ಪ್ರಿಪೇಯ್ಡ್ ನಂಬರ್ ಏನಾದೀತು? ಟ್ರಾಯ್ ನಿಯಮದಂತೆ 90 ದಿನ ಬಳಸದಿದ್ದರೆ ನಂಬರ್ ಕಡಿತವಾಗಬಹುದು. ಖಾತೆಯಲ್ಲಿ ಕನಿಷ್ಠ 20 ರೂಪಾಯಿ ಇದ್ದರೆ ಅದನ್ನು ಮುರಿದುಕೊಂಡು ನಂಬರ್ ಉಳಿಸುತ್ತಾರೆ. ಆದರೆ ಒಟಿಪಿ ಬರುತ್ತಿರಬೇಕಾದರೆ ಪ್ಯಾಕ್‌ನ ಅವಧಿ ಮುಗಿಯಲು ಬಿಡಬೇಡಿ. ಊರಿನಲ್ಲಿದ್ದವರು ನೆನಪಿಟ್ಟು ಕರೆನ್ಸಿ ಹಾಕಲಿ.

ಒಟ್ಟಿನಲ್ಲಿ ಲೆಕ್ಕ ಸುಲಭ. ಮನೆಯಲ್ಲಿ ಇಬ್ಬರ ಫೋನಿನಲ್ಲಾದರೂ ಸ್ವಂತ ನೆಟ್ ಇರಲಿ, ಒಬ್ಬರದು ಕೆಟ್ಟರೆ ಇನ್ನೊಬ್ಬರದು ಬರುತ್ತದೆ. ಒಟಿಪಿ ಬರುವ ಊರಿನ ಸಿಮ್ ಫೋನಿನಲ್ಲೇ ಇರಲಿ. ಹಿರಿಯರ ಜೇಬಿನಲ್ಲಿ ಹೋಟೆಲ್ ವಿಳಾಸ, ಜೊತೆಗಿರುವವರ ನಂಬರ್ ಬರೆದ ಚೀಟಿ ಇರಲಿ, ಅದಕ್ಕೆ ಟವರೂ ಬೇಡ, ಚಾರ್ಜೂ ಬೇಡ. ಇಷ್ಟನ್ನೂ ಹೊರಡುವ ಒಂದು ವಾರ ಮೊದಲೇ ಮಾಡಿ ಮುಗಿಸಿ.