ಮಿಶ್ರತಳಿಯ ಬೆಕ್ಕು: ಮನೆಗೆ ತರುವ ಮುನ್ನ

ಇಲಿಗಳಿಂದ ಧಾನ್ಯವನ್ನು ಕಾಪಾಡಿಕೊಳ್ಳಲು ಮನುಷ್ಯನು ಬೆಕ್ಕಿಗೆ ಆಶ್ರಯವಿತ್ತು ಸಾವಿರಾರು ವರ್ಷಗಳು ಕಳೆದಿವೆ. ಈ ದೀರ್ಘ ಸಹವಾಸದಿಂದಲೇ ಬೆಕ್ಕು ಮನೆಯ ಒಡನಾಡಿಯಾಗಿದೆ. ಈಚಿನ ದಶಕಗಳಲ್ಲಿ ಸಾಕುಬೆಕ್ಕನ್ನು ಕಾಡಿನ ಬೆಕ್ಕಿನೊಡನೆ ಕೂಡಿಸಿ ಪಡೆದ ತಳಿಗಳು ಮಹಾನಗರಗಳ ಮನೆಗಳನ್ನು ಪ್ರವೇಶಿಸಿವೆ. ಚಿರತೆಯಂತಹ ಮೈಬಣ್ಣಕ್ಕೆ ಮನಸೋತು ಮರಿಯನ್ನು ಕೊಳ್ಳುವ ಕುಟುಂಬವು ಹನ್ನೆರಡು, ಹದಿನೈದು ವರ್ಷಗಳ ಹೊಣೆಯನ್ನು ಹೊರುತ್ತದೆ ಎಂಬುದನ್ನು ಮರೆಯಬಾರದು.

ತಳಿಗಳ ಹಿನ್ನೆಲೆ

ಇವುಗಳಲ್ಲಿ ಹೆಚ್ಚು ಪರಿಚಿತವಾದುದು ಬೆಂಗಾಲ್ ತಳಿ. ಅಮೆರಿಕದ ಜೀನ್ ಮಿಲ್ ಎಂಬ ಮಹಿಳೆ 1960ರ ದಶಕದಲ್ಲಿ ಆರಂಭಿಸಿ 1980ರ ದಶಕದಲ್ಲಿ ಮುಂದುವರಿಸಿದ ಪ್ರಯತ್ನದಿಂದ ಈ ತಳಿ ರೂಪುಗೊಂಡಿತು. ಇದರ ಕಾಡುಮೂಲವಾದ ಚಿರತೆ ಬೆಕ್ಕು ಏಷ್ಯಾದ ಪ್ರಾಣಿ. ಕರ್ನಾಟಕದ ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ವಾಸಿಸುತ್ತದೆ. ಮತ್ತೊಂದು ತಳಿ ಸವನ್ನಾ. ಆಫ್ರಿಕದ ಹುಲ್ಲುಗಾವಲುಗಳಲ್ಲಿ ಬದುಕುವ ನೀಳಕಾಲಿನ ಸರ್ವಲ್ ಹಾಗೂ ಸಾಕುಬೆಕ್ಕಿನ ಸಂಕರದಿಂದ ಇದರ ಮೊದಲ ಮರಿ 1986ರಲ್ಲಿ ಅಮೆರಿಕದಲ್ಲಿ ಜನಿಸಿತು. ತಪ್ಪಿಸಿಕೊಂಡರೆ ಸ್ಥಳೀಯ ವನ್ಯಜೀವಿಗಳಿಗೆ ಅಪಾಯವೆಂದು ಆಸ್ಟ್ರೇಲಿಯ ಸರ್ಕಾರವು 2008ರಲ್ಲಿ ಸವನ್ನಾ ಬೆಕ್ಕಿನ ಆಮದನ್ನು ನಿಷೇಧಿಸಿತು.

ತಲೆಮಾರಿನ ಮಹತ್ವ

ಮಿಶ್ರತಳಿಯ ಬೆಕ್ಕುಗಳೆಲ್ಲವೂ ಒಂದೇ ಸ್ವಭಾವದವಲ್ಲ. ಕಾಡುಬೆಕ್ಕಿಗೆ ನೇರವಾಗಿ ಹುಟ್ಟಿದುದು ಮೊದಲ ತಲೆಮಾರು. ಅದರಲ್ಲಿ ಅರ್ಧದಷ್ಟು ಕಾಡಿನ ಅಂಶವಿರುತ್ತದೆ. ಇಂತಹ ಬೆಕ್ಕು ಅಪರಿಚಿತರಿಗೆ ಅಂಜುವುದು, ಮೂತ್ರ ಸಿಂಪಡಿಸಿ ಗಡಿ ಗುರುತಿಸುವುದು, ಬೆದರಿದಾಗ ಕಚ್ಚುವುದು ಹೆಚ್ಚು. ಪ್ರತಿ ತಲೆಮಾರಿನಲ್ಲಿಯೂ ಸಾಕುಬೆಕ್ಕಿನೊಡನೆ ಕೂಡಿಸುತ್ತ ಹೋದಂತೆ ಈ ಗುಣಗಳು ಇಳಿಮುಖವಾಗುತ್ತವೆ. ಆದುದರಿಂದ ಮರಿಯ ಬಣ್ಣಕ್ಕಿಂತ ಮೊದಲು ಅದರ ವಂಶಾವಳಿಯ ಪತ್ರವನ್ನು ನೋಡುವುದು ವಿವೇಕ. ಮೊದಲ ಮೂರು ತಲೆಮಾರುಗಳ ಬೆಕ್ಕು ಸಾಮಾನ್ಯ ಕುಟುಂಬಕ್ಕೆ ಹೊಂದುವುದು ಕಷ್ಟ.

ಮನೆಯ ಪರಿಸರ

ನಂತರದ ತಲೆಮಾರಿನ ಬೆಂಗಾಲ್ ಬೆಕ್ಕು ಸಹ ಬಹಳ ಚಟುವಟಿಕೆಯುಳ್ಳದ್ದು. ಎತ್ತರಕ್ಕೆ ಹತ್ತುವುದು, ನೀರಿನಲ್ಲಿ ಆಡುವುದು, ಬಾಗಿಲಿನ ಹಿಡಿಯನ್ನು ತೆರೆಯಲು ಕಲಿಯುವುದು ಇದರ ರೂಢಿ. ದಿನವಿಡೀ ಮನೆಗೆ ಬೀಗ ಹಾಕಿ ಎಲ್ಲರೂ ಕೆಲಸಕ್ಕೆ ತೆರಳುವ ಒಂದು ಕೋಣೆಯ ಬಿಡಾರದಲ್ಲಿ ಇಂತಹ ಪ್ರಾಣಿ ಬೇಸತ್ತು ಕೂಗುತ್ತದೆ, ಸಾಮಾನುಗಳನ್ನು ಹಾಳುಮಾಡುತ್ತದೆ. ಬಹುಮಹಡಿ ಕಟ್ಟಡದಲ್ಲಿ ಕಿಟಕಿ ಹಾಗೂ ಬಾಲ್ಕನಿಗೆ ಗಟ್ಟಿಯಾದ ಜಾಲರಿ ಅತ್ಯಗತ್ಯ. ಪಂಜರದ ಗಿಳಿ, ಮೀನುತೊಟ್ಟಿ ಇರುವ ಮನೆಗೆ ಇದು ತಕ್ಕುದಲ್ಲ. ಎಳೆಯ ಮಕ್ಕಳನ್ನು ಯಾವ ಬೆಕ್ಕಿನ ಬಳಿಯೂ ಒಂಟಿಯಾಗಿ ಬಿಡಬಾರದು.

ಆಹಾರ ಮತ್ತು ಆರೋಗ್ಯ

ಬೆಕ್ಕು ಸ್ವಭಾವತಃ ಮಾಂಸಾಹಾರಿ. ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ ದೊರೆಯದಿದ್ದರೆ ಅದರ ಕಣ್ಣು ಕುರುಡಾಗಬಹುದು, ಹೃದಯ ದುರ್ಬಲವಾಗಬಹುದು. ಹಾಲು ಅನ್ನದಿಂದ ಅದನ್ನು ಸಲಹಲಾಗದು. ಸಸ್ಯಾಹಾರಿ ಕುಟುಂಬಗಳು ಈ ವಿಷಯವನ್ನು ಮೊದಲೇ ಇತ್ಯರ್ಥಪಡಿಸಿಕೊಳ್ಳಬೇಕು. ರೇಬೀಸ್ ಲಸಿಕೆಯನ್ನು ಕ್ರಮವಾಗಿ ಹಾಕಿಸಬೇಕು. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ತಡಮಾಡದೆ ವೈದ್ಯರನ್ನು ಕಾಣಬೇಕು. ಗರ್ಭಿಣಿಯರು ಬೆಕ್ಕಿನ ಮಲವನ್ನು ಶುಚಿಗೊಳಿಸುವ ಕೆಲಸವನ್ನು ಇತರರಿಗೆ ಬಿಡುವುದು ಕ್ಷೇಮ.

ಕಾನೂನಿನ ಅಂಶಗಳು

ಚಿರತೆ ಬೆಕ್ಕು 1972ರ ವನ್ಯಜೀವಿ (ಸಂರಕ್ಷಣೆ) ಅಧಿನಿಯಮದ ಒಂದನೆಯ ಅನುಸೂಚಿಯಲ್ಲಿದೆ. ಕಾಡಿನಿಂದ ಹಿಡಿದ ಮರಿಯನ್ನು 'ಬೆಂಗಾಲ್' ಎಂದು ಕೊಂಡವರೂ ಅಪರಾಧಕ್ಕೆ ಗುರಿಯಾಗಬಹುದು. ಇಂತಹ ಅಪರಾಧಕ್ಕೆ 3ರಿಂದ 7 ವರ್ಷಗಳ ಸೆರೆವಾಸ ಹಾಗೂ ದಂಡವಿದೆ. ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದವು, ಹಿಂದಿನ ನಾಲ್ಕು ತಲೆಮಾರುಗಳಲ್ಲಿ ಕಾಡುಪೂರ್ವಜವಿರುವ ಮಿಶ್ರಸಂತತಿಗೂ ಅನ್ವಯಿಸುತ್ತದೆ. 2022ರ ತಿದ್ದುಪಡಿಯು ಈ ಒಪ್ಪಂದದ ಪಟ್ಟಿಗಳನ್ನು ಭಾರತದ ಕಾನೂನಿಗೆ ಸೇರಿಸಿ, ಅಂತಹ ಜೀವಂತ ಪ್ರಾಣಿಗಳ ನೋಂದಣಿಯನ್ನು ಕಡ್ಡಾಯಗೊಳಿಸಿದೆ. ಸಂದೇಹವಿದ್ದಲ್ಲಿ ಹಣ ಕೊಡುವ ಮೊದಲೇ ಅರಣ್ಯ ಇಲಾಖೆಯನ್ನು ವಿಚಾರಿಸತಕ್ಕದ್ದು.

ನಿರ್ಧಾರ

ದಿನಕ್ಕೆ ಒಂದೆರಡು ಗಂಟೆ ಆಟವಾಡಿಸುವ ಬಿಡುವು, ಭದ್ರವಾದ ವಿಶಾಲ ಸ್ಥಳ, ಬೆಕ್ಕಿನ ಚಿಕಿತ್ಸೆ ಬಲ್ಲ ಪಶುವೈದ್ಯರ ಸಾಮೀಪ್ಯ, ಊರಿಗೆ ಹೋದಾಗ ನೋಡಿಕೊಳ್ಳುವ ಆಪ್ತರು – ಇಷ್ಟೂ ಇದ್ದು, ಮನೆಮಂದಿಯೆಲ್ಲರ ಸಮ್ಮತಿಯೂ ಇದ್ದರೆ ನಂತರದ ತಲೆಮಾರಿನ ಬೆಕ್ಕನ್ನು ಸಾಕಬಹುದು. ಇಲ್ಲವಾದಲ್ಲಿ ನೆರೆಹೊರೆಯಲ್ಲಿ ಅನಾಥವಾಗಿರುವ ನಾಡಬೆಕ್ಕಿನ ಮರಿಯೇ ಮೇಲು. ಅದು ನಮ್ಮ ಹವೆಗೆ ಒಗ್ಗಿದೆ, ಹೆಚ್ಚಿನ ವೆಚ್ಚವನ್ನೂ ಬೇಡದು. ಸಾಕಲಾರದೆ ಬೆಕ್ಕನ್ನು ಬೀದಿಗೆ ಬಿಟ್ಟು ಹಸಿವಿಗೆ ಗುರಿಪಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಅಧಿನಿಯಮದ ಪ್ರಕಾರ ಅಪರಾಧ. ಆದಕಾರಣ ತರುವ ಮುನ್ನ ಯೋಚಿಸುವುದು ಕುಟುಂಬಕ್ಕೂ ಹಿತ, ಮೂಕಪ್ರಾಣಿಗೂ ಹಿತ.