ದಾದಿಯರ ಪರೀಕ್ಷೆ: ಕಂಠಪಾಠಕ್ಕೆ ನಿಲುಕದ ವಿದ್ಯೆ

ಕಚೇರಿಗೋ ಹೋಟೇಲಿನ ಗಲ್ಲೆಗೋ ಹೊರಟ ತಂದೆಯು ನಿಲ್ದಾಣದ ಮೆಟ್ಟಿಲುಗಳನ್ನು ಏರುವ ಹೊತ್ತಿಗೆ, ಆಸ್ಪತ್ರೆಯ ರಾತ್ರಿಪಾಳಿಯನ್ನು ಮುಗಿಸಿದ ಮಗಳು ಅದೇ ಮೆಟ್ಟಿಲುಗಳನ್ನು ಇಳಿದು ಬರುವ ನೋಟವು ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಅಪರೂಪವಲ್ಲ. ಆ ಮಗಳು ಮನೆಗೆ ಬಂದು ನಿದ್ರಿಸುವ ಬದಲು ಮತ್ತೆ ಪುಸ್ತಕವನ್ನು ತೆರೆದು ಕುಳಿತರೆ, “ನಾಲ್ಕು ವರ್ಷ ಓದಿ ತೇರ್ಗಡೆಯಾದವಳಿಗೆ ಇನ್ನೆಂತಹ ಪರೀಕ್ಷೆ?” ಎಂದು ಹಿರಿಯರು ಕೇಳುವುದು ಸಹಜವೇ. ಆ ಪ್ರಶ್ನೆಗೆ ಉತ್ತರವನ್ನು ಕೊಡಲು ನಾವು ಇಲ್ಲಿ ಯತ್ನಿಸಿದ್ದೇವೆ.

ನಮ್ಮ ದೇಶದಲ್ಲಿ ಶುಶ್ರೂಷಾ ಪದವಿಯನ್ನೋ ಡಿಪ್ಲೊಮಾವನ್ನೋ ಪಡೆದವರು ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರನ್ನು ನೋಂದಾಯಿಸಿಕೊಂಡು ವೃತ್ತಿಗೆ ಇಳಿಯುತ್ತಾರೆ. ಮಂಗಳೂರು, ಬೆಂಗಳೂರುಗಳಲ್ಲಿ ಓದಿ ಕರ್ನಾಟಕದಲ್ಲಿ ನೋಂದಣಿ ಪಡೆದವರು ಇಲ್ಲಿ ಕೆಲಸ ಮಾಡಬೇಕಾದರೆ ಮಹಾರಾಷ್ಟ್ರದ ಕೌನ್ಸಿಲಿನಲ್ಲಿಯೂ ನೋಂದಣಿ ಮಾಡಿಸಬೇಕು. ಅಮೆರಿಕದಲ್ಲಿ ಸೇವೆ ಸಲ್ಲಿಸಬಯಸುವವರಿಗಾದರೋ ‘ಎನ್‌ಕ್ಲೆಕ್ಸ್’ ಎಂಬ ಪರವಾನಗಿ ಪರೀಕ್ಷೆಯು ಕಡ್ಡಾಯ. 2023ರ ಏಪ್ರಿಲಿನಲ್ಲಿ ಜಾರಿಗೆ ಬಂದ ಕ್ರಮದಂತೆ ಅದರಲ್ಲಿ ಕನಿಷ್ಠ 85, ಗರಿಷ್ಠ 150 ಪ್ರಶ್ನೆಗಳು. ಅವಧಿ 5 ಗಂಟೆ. ಒಂದು ಉತ್ತರ ಸರಿಯಾದರೆ ಗಣಕಯಂತ್ರವು ಮುಂದೆ ಕಠಿಣವಾದುದನ್ನು ಒಡ್ಡುತ್ತದೆ; ತಪ್ಪಿದರೆ ಸುಲಭವಾದುದನ್ನು. ಹೀಗೆ ಅಭ್ಯರ್ಥಿಯ ಮಟ್ಟವನ್ನು ಅದು ಅಳೆಯುತ್ತ ಹೋಗುತ್ತದೆ.

ಕೇಳುವುದಾದರೂ ಏನನ್ನು? ಒಂದು ಉದಾಹರಣೆಯನ್ನು ನೋಡೋಣ. ನಾಲ್ವರು ರೋಗಿಗಳಿದ್ದಾರೆ. ನಿನ್ನೆ ಶಸ್ತ್ರಚಿಕಿತ್ಸೆಯಾದವನು ನೋವಿನ ಗುಳಿಗೆಗಾಗಿ ಕೂಗುತ್ತಿದ್ದಾನೆ. ಮಧುಮೇಹಿಯೊಬ್ಬನು ಊಟಕ್ಕೆ ಕಾದಿದ್ದಾನೆ. ಇನ್ನೊಬ್ಬನು ಮನೆಗೆ ಹೋಗಲು ಕಾಗದಪತ್ರಗಳನ್ನು ಕೇಳುತ್ತಿದ್ದಾನೆ. ಅಸ್ತಮಾದಿಂದ ಏದುಸಿರು ಬಿಡುತ್ತಿದ್ದ ನಾಲ್ಕನೆಯವನ ಎದೆಯ ಸುಂಯ್‌ಗುಟ್ಟುವ ಸದ್ದು ಹಠಾತ್ತನೆ ನಿಂತಿದೆ. ಅವನು ಬಳಲಿ ತೂಕಡಿಸುತ್ತಿದ್ದಾನೆ. ದಾದಿಯು ಮೊದಲು ಯಾರ ಬಳಿಗೆ ಹೋಗಬೇಕು? ನಾಲ್ಕನೆಯವನ ಬಳಿಗೆ! ಸದ್ದು ನಿಂತದ್ದು ಗುಣದ ಲಕ್ಷಣವಲ್ಲ. ಶ್ವಾಸಕೋಶದೊಳಗೆ ಗಾಳಿಯೇ ಸಾಲದಷ್ಟು ಆಡುತ್ತಿಲ್ಲವೆಂಬುದರ ಸೂಚನೆ. ಹೋಟೇಲಿನಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ಟೇಬಲುಗಳವರು ಒಮ್ಮೆಗೇ ಕರೆದಾಗ ಕೂಗಿದವನ ಕಡೆಗೇ ಓಡುವವನು ಒಳ್ಳೆಯ ಮಾಣಿಯಲ್ಲ. ಅನ್ನ ಗಂಟಲಿಗೆ ಸಿಕ್ಕಿ ಮಾತೇ ಹೊರಡದೆ ಕುಳಿತವನನ್ನು ಕಂಡವನೇ ಜಾಣ.

ಇನ್ನೊಂದು ಉದಾಹರಣೆ. ಹೃದಯದ ದೌರ್ಬಲ್ಯಕ್ಕೆ ಡಿಗಾಕ್ಸಿನ್ ಎಂಬ ಔಷಧವನ್ನೂ ಮೂತ್ರ ಹೆಚ್ಚಿಸುವ ಗುಳಿಗೆಯನ್ನೂ ಸೇವಿಸುತ್ತಿರುವ ವೃದ್ಧರೊಬ್ಬರು, ಹೊಟ್ಟೆ ತೊಳಸುತ್ತದೆ, ಕಣ್ಣಿಗೆ ಎಲ್ಲವೂ ಹಳದಿಯಾಗಿ ತೋರುತ್ತದೆ ಎನ್ನುತ್ತಾರೆ. ರಕ್ತದಲ್ಲಿ ಲೀಟರಿಗೆ 3.5ರಿಂದ 5 ಮಿಲಿಈಕ್ವಿವಲೆಂಟ್ ಇರಬೇಕಾದ ಪೊಟ್ಯಾಸಿಯಂ 2.9ಕ್ಕೆ ಇಳಿದಿದೆ. ಅಂಕಿಗಳನ್ನಷ್ಟೇ ಉರುಹೊಡೆದವಳು ವಾಂತಿಯ ಔಷಧವನ್ನು ಹುಡುಕಿಯಾಳು. ಅರ್ಥವನ್ನು ತಿಳಿದವಳಾದರೋ, ಮೂತ್ರದ ಗುಳಿಗೆಯಿಂದ ಪೊಟ್ಯಾಸಿಯಂ ಸೋರಿಹೋಗಿ, ಅದರಿಂದ ಡಿಗಾಕ್ಸಿನ್ ವಿಷವಾಗಿ ಪರಿಣಮಿಸಿದೆಯೆಂದು ಊಹಿಸುತ್ತಾಳೆ. ಪೂರ್ತಿ ಒಂದು ನಿಮಿಷ ಎದೆಬಡಿತವನ್ನು ಎಣಿಸಿ, ಮುಂದಿನ ಗುಳಿಗೆಯನ್ನು ತಡೆದು, ವೈದ್ಯರನ್ನು ಕರೆಯುತ್ತಾಳೆ. ಅವರ ಆಜ್ಞೆಯಂತೆ ರಕ್ತನಾಳದ ಮೂಲಕ ಪೊಟ್ಯಾಸಿಯಂ ಕೊಡುವಾಗಲೂ ಅದನ್ನು ದ್ರವದಲ್ಲಿ ತೆಳುಗೊಳಿಸಿ ನಿಧಾನವಾಗಿಯೇ ಹರಿಸುತ್ತಾಳೆ. ಒಮ್ಮೆಗೇ ಚುಚ್ಚಿದರೆ ಹೃದಯವೇ ನಿಂತುಹೋದೀತು.

ಈ ಜ್ಞಾನವು ಮನೆಗೂ ಬೇಕಾದುದೇ. ಇನ್ಸುಲಿನ್ ತೆಗೆದುಕೊಳ್ಳುವ ಅಡುಗೆಯವರೊಬ್ಬರು ಊಟ ತಡವಾಗಿ ಬೆವತು ನಡುಗತೊಡಗಿದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದಿರುವ ಸಂಭವವುಂಟು. ಎಚ್ಚರವಿದ್ದು ನುಂಗಬಲ್ಲವರಾದರೆ 15 ಗ್ರಾಂ, ಎಂದರೆ ಸುಮಾರು ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಗಳ ಬಳಿಕ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು. ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಆದುದರಿಂದ ಈ ಪರೀಕ್ಷೆಯು ಪರದೇಶದ ಸಂಬಳದ ಬಾಗಿಲು ಮಾತ್ರವೆಂದು ತಿಳಿಯುವುದು ಸರಿಯಲ್ಲ. ಮಗಳು ಅಮೆರಿಕಕ್ಕೆ ಹೋಗಲಿ, ಕಲ್ಯಾಣದಲ್ಲಿಯೇ ಉಳಿಯಲಿ, ಅವಳು ಕಲಿತದ್ದು ಯಾವನೋ ಒಬ್ಬ ರೋಗಿಯ ಪ್ರಾಣಕ್ಕೆ ಆಸರೆಯಾಗುತ್ತದೆ. ತೇರ್ಗಡೆ ಮಾಡಿಸಿಕೊಡುವೆವೆಂದು ಭರವಸೆ ನೀಡಿ ಹಣ ಕೇಳುವವರನ್ನು ನಂಬಬೇಡಿರಿ. ಅಂತಹ ಭರವಸೆಯನ್ನು ಯಾರೂ ಕೊಡಲಾರರು. ಆ ಹಣಕ್ಕಿಂತ ಅವಳಿಗೆ ಬೇಕಾದುದು ಒಂದೇ ಕೋಣೆಯ ಮನೆಯಲ್ಲಿಯೂ ಒಂದು ಮೂಲೆ, ಎರಡು ಗಂಟೆಗಳ ಮೌನ, ರಾತ್ರಿಪಾಳಿಯ ಮರುದಿನ ಸಾಕಷ್ಟು ನಿದ್ರೆ. ಇಷ್ಟನ್ನು ಒದಗಿಸುವುದು ನಮ್ಮ ಯಾವ ಸಂಸಾರಕ್ಕೂ ಮೀರಿದ ಮಾತಲ್ಲವೆಂದು ನಾವು ನಂಬಿದ್ದೇವೆ.