ಮುರಿದ ಎಲುಬೂ ಜಾರಿದ ಕೀಲೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ೨೦೨೧ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಈ ಐದು ತಾಲೂಕುಗಳಲ್ಲಿ ಹುಣಿಸೆಯ ಮರವಿಲ್ಲದ ಊರನ್ನು ನಾವು ಕಾಣೆವು. ಕಾಯಿ ಮಾಗುವ ಕಾಲಕ್ಕೆ ಹುಡುಗರು ಮರವೇರುವುದೂ, ಅವರಲ್ಲಿ ಒಬ್ಬಿಬ್ಬರು ಕೈಯೂರಿ ಬೀಳುವುದೂ ವರ್ಷವರ್ಷದ ಮಾತು. ನಾವು ಉಪಾಧ್ಯಾಯರಾಗಿದ್ದಾಗ ಕೊಟ್ಟೂರಿನ ಕಡೆಯ ಹಳ್ಳಿಯೊಂದರಲ್ಲಿ ಹೀಗೆ ಬಿದ್ದ ಬಾಲಕನೊಬ್ಬನ ಮುಂಗೈಗೆ ಮನೆಯವರು ಬಿದಿರಿನ ದಬ್ಬೆಯಿಟ್ಟು ಕಟ್ಟಿಸಿದರು. ಎಲುಬು ಕೂಡಿತು, ಎಲ್ಲರೂ ಸಂತೋಷಪಟ್ಟರು. ಆದರೆ ತುತ್ತನ್ನು ಬಾಯಿಗೊಯ್ಯುವಷ್ಟು ಮೊಣಕೈ ಮಡಿಯಲೇ ಇಲ್ಲ. ತಿಂಗಳುಗಳ ಮೇಲೆ ಕ್ಷ-ಕಿರಣದ ಚಿತ್ರ ತೆಗೆಸಿದಾಗ, ಮುರಿದದ್ದು ಒಂದೆಲುಬು, ಕೀಲಿನಿಂದ ಜಾರಿದ್ದು ಮತ್ತೊಂದೆಂದು ತಿಳಿಯಿತು.

ಮುಂಗೈಯಲ್ಲಿ ಕಿರುಬೆರಳಿನ ಕಡೆ ಒಂದು, ಹೆಬ್ಬೆರಳಿನ ಕಡೆ ಒಂದು, ಹೀಗೆ ಎರಡು ಎಲುಬುಗಳುಂಟು. ಏಣಿಯ ಎರಡು ಗಳುಗಳಂತೆ ಇವು ಪರಸ್ಪರ ಬಂಧಿತವಾಗಿವೆ. ಮೊದಲನೆಯದು ಮುರಿದು ಬಾಗಿತೆಂದರೆ ಎರಡನೆಯದರ ತಲೆಯು ಕೆಲವೊಮ್ಮೆ ಮೊಣಕೈಯ ಕೀಲನ್ನು ಬಿಟ್ಟು ಹೊರಬೀಳುವುದು. ಇಟಲಿಯ ಮಿಲಾನ್ ನಗರದ ಶಸ್ತ್ರವೈದ್ಯ ಮೊಂಟೆಜಿಯ ಎಂಬವನು ೧೮೧೪ರಲ್ಲಿ, ಕ್ಷ-ಕಿರಣವು ಪತ್ತೆಯಾಗುವುದಕ್ಕೆ ೮೧ ವರ್ಷ ಮೊದಲೇ, ಇದನ್ನು ವರ್ಣಿಸಿದನು. ಈ ಭಗ್ನಕ್ಕೆ ಇಂದಿಗೂ ಅವನದೇ ಹೆಸರು. ೧೯೬೭ರಲ್ಲಿ ಉರುಗ್ವೆ ದೇಶದ ಬಾಡೋ ಎಂಬ ವೈದ್ಯನು ಇದನ್ನು ನಾಲ್ಕು ವಿಧವಾಗಿ ವಿಂಗಡಿಸಿದನು. ಮಕ್ಕಳಲ್ಲಿ ತಲೆಯು ಮುಂದಕ್ಕೆ ಜಾರುವುದೇ ಹೆಚ್ಚು.

ಅಪರೂಪದ್ದಾದ್ದರಿಂದಲೇ ಇದು ಕಣ್ತಪ್ಪುತ್ತದೆ. ಮುರಿತವೊಂದನ್ನೇ ಚಿತ್ರ ತೆಗೆಸಿದರೆ ಸಾಲದು. ಮೊಣಕೈಯೂ ಮಣಿಕಟ್ಟೂ ಕಾಣುವಂತೆ, ಎದುರಿನಿಂದಲೂ ಪಕ್ಕದಿಂದಲೂ ತೆಗೆಸಬೇಕು. ತಂದೆತಾಯಿಗಳು ಇದನ್ನು ವೈದ್ಯರಲ್ಲಿ ಬಾಯಿಬಿಟ್ಟು ಕೇಳಲು ಸಂಕೋಚಪಡಬಾರದು. ಬೇಗ ತಿಳಿದರೆ ಮಕ್ಕಳಲ್ಲಿ ಮುರಿದೆಲುಬನ್ನು ನೇರಗೊಳಿಸಿದೊಡನೆ ಜಾರಿದ ತಲೆಯು ಬಹುಮಟ್ಟಿಗೆ ತಾನೇ ಸ್ವಸ್ಥಾನಕ್ಕೆ ಬರುವುದು. ವಯಸ್ಕರಿಗೆ ಸಾಮಾನ್ಯವಾಗಿ ಶಸ್ತ್ರಕ್ರಿಯೆ ಮಾಡಿ ಲೋಹದ ಪಟ್ಟಿಯನ್ನು ಕೂಡಿಸುವರು. ತಡವಾಯಿತೋ, ಮಕ್ಕಳಿಗೂ ಕಠಿಣವಾದ ಶಸ್ತ್ರಕ್ರಿಯೆಯೇ ಗತಿ.

ಸುಶ್ರುತಸಂಹಿತೆಯು ಸಂಧಿಮುಕ್ತಗಳನ್ನು ಆರೆಂದೂ ಕಾಂಡಭಗ್ನಗಳನ್ನು ಹನ್ನೆರಡೆಂದೂ ಎಣಿಸುತ್ತದೆ. ನಮ್ಮ ಬಾಲಕನ ಕೈಯಲ್ಲಿ ಎರಡೂ ಕೂಡಿದ್ದವು. ಬಿದಿರು, ಅತ್ತಿ, ಅರಳಿಗಳ ದಬ್ಬೆಯನ್ನು ಆ ಗ್ರಂಥವೂ ಬಲ್ಲದು. ಆದರೆ ಕಟ್ಟು ಸಡಿಲವಾದರೆ ಸಂಧಿ ನಿಲ್ಲದು, ಬಿಗಿಯಾದರೆ ಬಾವು, ನೋವು, ಕೀವುಗಳುಂಟಾಗುವುವೆಂದು ಎಚ್ಚರಿಸಿ ಮಧ್ಯಮವಾದ ಕಟ್ಟನ್ನೇ ವಿಧಿಸುತ್ತದೆ. ಹಳೆಯ ಪದ್ಧತಿಯೆಂದು ಬಿಗಿದು ಕಟ್ಟುವವರು ಈ ಭಾಗವನ್ನು ಓದಿದಂತಿಲ್ಲ! ಕಟ್ಟಿದ ಮೇಲೆ ನೋವು ಏರುತ್ತಹೋದರೆ, ಬೆರಳುಗಳು ಬಿಳಿಚಿದರೆ, ಜೋಮು ಹಿಡಿದರೆ, ಅವನ್ನು ಬಿಡಿಸಿದಾಗ ಮಗು ಚೀರಿದರೆ, ಬೆಳಗಾಗಲೆಂದು ಕಾಯದೆ ಕಟ್ಟನ್ನು ಸಡಿಲಿಸಿ ಆಸ್ಪತ್ರೆಗೆ ಒಯ್ಯತಕ್ಕದ್ದು. ಕೆಲವೇ ಗಂಟೆಗಳಲ್ಲಿ ಮಾಂಸಖಂಡಗಳು ಸತ್ತು ಕೈ ಸೆಟೆದುಕೊಳ್ಳುವುದುಂಟು.

ಆ ಬಾಲಕನನ್ನು ಕಡೆಗೆ ಬಳ್ಳಾರಿಗೆ ಒಯ್ದು ಶಸ್ತ್ರಕ್ರಿಯೆ ಮಾಡಿಸಿದರು. ಈಗ ಕೈ ಬಾಯಿಗೆ ಮುಟ್ಟುತ್ತದೆ. ಅಂಗೈ ಮಾತ್ರ ಪೂರ್ತಿಯಾಗಿ ಮೇಲಕ್ಕೆ ತಿರುಗದು. ಗುಡಿಯಲ್ಲಿ ತೀರ್ಥವನ್ನು ತುಸು ಓರೆಯಾಗಿಯೇ ಸ್ವೀಕರಿಸುತ್ತಾನೆ.